ನಡುವಿಗೊಪ್ಪುವ ಡಾಬು

ಹೆಂಗಸರ ಒಡವೆಯ ವಿಚಾರವಾಗಿ ಗಂಡಸು ಲೇಖನಿ ಹಿಡಿದರೆ ಎರಡು ಬಗೆಯ ಆಕ್ಷೇಪಣೆಗಳು ಬರುವುದುಂಟು. "ಇವರಿಗೇನು ಗೊತ್ತು?" ಎಂದು ಹೆಂಗಸರು ನಗುತ್ತಾರೆ; "ಇವರಿಗೇಕೆ ಬೇಕು?" ಎಂದು ಗಂಡಸರು ಹುಬ್ಬೇರಿಸುತ್ತಾರೆ. ಮೊದಲನೆಯ ಆಕ್ಷೇಪಣೆಗೆ ನನ್ನ ಸಮಾಧಾನವಿಷ್ಟೆ: ಮುಂದೆ ಹೇಳಹೊರಟಿರುವ ಮಾತುಗಳಲ್ಲಿ ಬಹುಪಾಲು ಮನೆಯ ಹಿರಿಯ ಹೆಂಗಸರಿಂದಲೂ ಚಿಂತಾಮಣಿಯ ವೃದ್ಧ ಅಕ್ಕಸಾಲಿಗರೊಬ್ಬರಿಂದಲೂ ಕೇಳಿ ತಿಳಿದವು, ಗ್ರಂಥಗಳಿಂದ ಬಂದದ್ದು ಸ್ವಲ್ಪವೇ. ಎರಡನೆಯದಕ್ಕೆ ಉತ್ತರ ಇನ್ನೂ ಸುಲಭ. ಡಾಬನ್ನು ಧರಿಸುವವರು ಹೆಂಗಸರಾದರೂ ಅದನ್ನು ಕೊಂಡೊಯ್ದು ಒತ್ತೆಯಿಡುವವರು ಸಾಮಾನ್ಯವಾಗಿ ಗಂಡಸರು. ಆದ್ದರಿಂದ ಆ ವಸ್ತುವಿನ ವಿಚಾರವಾಗಿ ಅವರೂ ನಾಲ್ಕು ಮಾತು ತಿಳಿದಿರುವುದು ಅನುಚಿತವಲ್ಲ.

ಮದುವೆಯ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರದ ಯಾವುದಾದರೊಂದು ಕಲ್ಯಾಣಮಂಟಪಕ್ಕೆ ಹೋಗಿ ನೋಡಿ. ಮದುವಣಗಿತ್ತಿಯ ನಡುವಿನಲ್ಲಿ ಅಂಗೈ ಅಗಲದ ಚಿನ್ನದ ಪಟ್ಟಿ. ಅವಳ ತಂಗಿಯ ನಡುವಿನಲ್ಲಿ ಮುತ್ತು ಪೋಣಿಸಿದ ಸರಪಳಿ. ಎಂಟು ವರ್ಷದ ಸೋದರ ಸೊಸೆಯ ಲಂಗದ ಮೇಲೆಯೂ ಥಳಥಳಿಸುವ ಪುಟ್ಟ ಪಟ್ಟಿ. ಅಜ್ಜಿಯರ ಪೆಟ್ಟಿಗೆಯ ತಳದಲ್ಲಿ ಬಹುಕಾಲ ನಿದ್ರಿಸುತ್ತಿದ್ದ ಒಡವೆಯೊಂದು ಎಚ್ಚೆತ್ತು ಎದ್ದು ಬಂದಂತಾಗಿದೆ. ನಾನು ಪಾಠ ಹೇಳುವ ಕಾಲೇಜಿನಲ್ಲಿಯೂ ವಾರ್ಷಿಕೋತ್ಸವದ ದಿನ ಸೀರೆಯುಟ್ಟು ಬರುವ ವಿದ್ಯಾರ್ಥಿನಿಯರಲ್ಲಿ ಅನೇಕರು ಸೊಂಟಕ್ಕೆ ಏನಾದರೊಂದನ್ನು ಬಿಗಿದಿರುತ್ತಾರೆ. ಬಿಗಿದಿರುತ್ತಾರೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸಭೆಯ ಅರ್ಧದಲ್ಲಿ ಎದ್ದು ಹೋಗಿ ಅದನ್ನು ಬಿಚ್ಚಿ ಕೈಚೀಲದೊಳಗೆ ಹಾಕಿಕೊಂಡು ಬರುವವರೂ ಕಡಮೆಯಿಲ್ಲ.

ಈ ಒಡವೆಗೆ ನಮ್ಮ ಕಡೆ ಇರುವ ಹೆಸರುಗಳೇ ಒಂದು ಸಂತೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗುಲಿಯಲ್ಲಿ ಕುಳಿತು ಮಾತಾಡುವ ಭಾಷೆಗಳು. ಒಂದು ಮನೆಯಲ್ಲಿ ಡಾಬು ಎಂದದ್ದು ಪಕ್ಕದ ಮನೆಯಲ್ಲಿ ವಡ್ಡಾಣ. ಪುಸ್ತಕದ ಕನ್ನಡದಲ್ಲಿ ಒಡ್ಯಾಣ. ಅಂಗಡಿಯ ಹಲಗೆಯ ಮೇಲೆ ಹಿಪ್ ಬೆಲ್ಟ್. ಸೊಂಟವನ್ನು ಸುತ್ತುವ ಬರಿಯ ದಾರವಾದರೆ ಉಡಿದಾರ, ಬೆಳ್ಳಿ ಬಂಗಾರದ ಸರಪಳಿಯಾದರೆ ನೇವಳ. ಹೆಣ್ಣು ಕೂಸಿಗೆ ಉಡಿದಾರದಲ್ಲಿ ಅರಳಿ ಎಲೆಯ ಆಕಾರದ ಬೆಳ್ಳಿಯ ಬಿಲ್ಲೆ ಕಟ್ಟುವ ಪದ್ಧತಿಯನ್ನು ಹಳಬರು ಬಲ್ಲರು. ಸಂಸ್ಕೃತದಲ್ಲಿಯಂತೂ ಅಮರಸಿಂಹನು ಹೆಣ್ಣಿನ ಕಟಿಯ ಆಭರಣಕ್ಕೆ ಮೇಖಲೆ, ಕಾಂಚಿ, ಸಪ್ತಕಿ, ರಶನೆ, ಸಾರಸನ ಎಂದು ಐದು ಹೆಸರು ಹೇಳಿ, ಗಂಡಸಿನದಕ್ಕೆ ಶೃಂಖಲವೆಂಬ ಹೆಸರನ್ನು ಬೇರೆಯಾಗಿಯೇ ಇಟ್ಟಿದ್ದಾನೆ. ವ್ಯಾಖ್ಯಾನಕಾರರು ಇನ್ನೂ ಮುಂದೆ ಹೋಗಿ ಎಳೆಗಳನ್ನು ಎಣಿಸಿದರು: ಒಂದೆಳೆಯದು ಕಾಂಚಿ, ಎಂಟೆಳೆಯದು ಮೇಖಲೆ, ಹದಿನಾರಾದರೆ ರಶನೆ, ಇಪ್ಪತ್ತೈದಾದರೆ ಕಲಾಪ. ಇಪ್ಪತ್ತೈದೆಳೆಯನ್ನು ಸುತ್ತಿಕೊಂಡ ಮಹಾರಾಯಗಿತ್ತಿ ಹೇಗೆ ಕುಳಿತಳೋ ಹೇಗೆ ಎದ್ದಳೋ ಅವರು ಬರೆದಿಲ್ಲ.

ಕುಳಿತುಕೊಳ್ಳುವ ಪ್ರಶ್ನೆ ವಿನೋದದ್ದಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋದಾಗ ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಒಂಬತ್ತನೆಯ ಶತಮಾನದಿಂದ ಹಲವು ರಾಜವಂಶಗಳ ಕಾಲದಲ್ಲಿ ಬೆಳೆಯುತ್ತ ಬಂದ ಆ ಗುಡಿಯ ಆವರಣದಲ್ಲಿ ಕರಿಕಲ್ಲಿನ ಕಲ್ಯಾಣಮಂಟಪವೊಂದಿದೆ. ಅದರ ನಾಲ್ಕು ಕಂಬಗಳಲ್ಲಿ ಶಿವಪಾರ್ವತಿಯರು, ಬ್ರಹ್ಮಸರಸ್ವತಿಯರು, ಲಕ್ಷ್ಮೀನಾರಾಯಣರು, ಅಗ್ನಿ ಮತ್ತು ಸ್ವಾಹಾದೇವಿಯರು. ದೇವಿಯರ ಮುಖವನ್ನೂ ಕಿರೀಟವನ್ನೂ ನೋಡಿ ಕೈಮುಗಿದು ಹೊರಡುವುದು ವಾಡಿಕೆ. ಕಣ್ಣನ್ನು ಸ್ವಲ್ಪ ಕೆಳಗಿಳಿಸಿ, ನಮ್ಮ ಶಿಲ್ಪಗಳಲ್ಲಿ ಮೇಖಲೆ ಎಲ್ಲಿ ಕುಳಿತಿದೆ ಎಂಬುದನ್ನು ಗಮನಿಸಿ. ಅದು ನಡುವಿನ ಮೇಲಲ್ಲ, ನಡುವಿನ ಕೆಳಗೆ, ಹೊಕ್ಕುಳಿಗಿಂತ ತಗ್ಗಿನಲ್ಲಿ, ಕಟಿಯ ಎಲುಬಿನ ಆಸರೆಯ ಮೇಲೆ ಒರಗಿಕೊಂಡಿದೆ. ಆ ಕಾಲದ ಉಡುಪಿನಲ್ಲಿ ಕೆಳಗಿನ ವಸ್ತ್ರವನ್ನು ಹಿಡಿದು ನಿಲ್ಲಿಸುವ ಕೆಲಸ ಅದರದು. ನೆರಿಗೆಯನ್ನು ಮೇಲೆತ್ತಿ ಸಿಕ್ಕಿಸಿ, ರವಿಕೆ ತೊಟ್ಟು, ಸೆರಗನ್ನು ಭುಜದ ಮೇಲೆ ಹಾಸುವ ಸೀರೆಯ ರೀತಿ ನೆಲೆಗೊಂಡ ಮೇಲೆ ಪಟ್ಟಿಯೂ ಮೇಲಕ್ಕೇರಿ ನಡುವಿನಲ್ಲಿ ಕುಳಿತಿತು. ಎಲುಬಿನ ಮೇಲೆ ಒರಗುವ ಒಡವೆಗೆ ಭಾರವಿದ್ದರೂ ಅಡ್ಡಿಯಿಲ್ಲ. ಹೊಟ್ಟೆಯನ್ನು ಬಳಸುವ ಒಡವೆಗೆ ಬಳುಕುವ ಗುಣವಿಲ್ಲದಿದ್ದರೆ ಅದು ಬೇಡಿಯಾಗುತ್ತದೆ. ಇಂದಿನ ಡಾಬುಗಳಲ್ಲಿ ಕಾಣುವ ದೋಷ ಬಹುಮಟ್ಟಿಗೆ ಇದೊಂದೇ. ನಕ್ಷೆಯನ್ನು ಶಿಲ್ಪದಿಂದ ತೆಗೆದುಕೊಂಡವರು ಶಿಲ್ಪಿಯು ಅದನ್ನು ಎಲ್ಲಿ ಇಟ್ಟನೆಂಬುದನ್ನು ನೋಡಲಿಲ್ಲ.

ಅಲಂಕಾರಕ್ಕೆ ಮೊದಲು ನಡುಕಟ್ಟು ಕೆಲಸದ ಗುರುತಾಗಿತ್ತು. ಟೊಂಕ ಕಟ್ಟಿ ನಿಲ್ಲುವುದು ಎಂಬ ನುಡಿಗಟ್ಟು ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವ ಕೊಟ್ಟಿಗೆಗಳಿಗೆ ಬೆಳಗ್ಗೆ ಹೋದರೆ ಅದರ ಅರ್ಥ ಕಣ್ಣೆದುರಿಗೇ ನಿಲ್ಲುತ್ತದೆ. ಬೇಯುವ ಗೂಡಿನ ವಾಸನೆ, ಹಬೆ, ಬಿಸಿನೀರಿನಲ್ಲಿ ಎಳೆ ಹುಡುಕುವ ಬೆರಳುಗಳು. ಅಲ್ಲಿ ದುಡಿಯುವ ಹೆಂಗಸು ಸೆರಗನ್ನು ಬೆನ್ನ ಹಿಂದಿನಿಂದ ತಂದು ಸೊಂಟಕ್ಕೆ ಸುತ್ತಿ, ತುದಿಯನ್ನು ಎಡಬದಿಗೆ ಒತ್ತಿ ಸಿಕ್ಕಿಸಿರುತ್ತಾಳೆ. ತಿರುಗುವ ರಾಟೆಗೆ ಸೆರಗು ಸಿಕ್ಕಬಾರದು, ನೀರಿಗೆ ನೆರಿಗೆ ಬೀಳಬಾರದು, ಗಂಟೆಗಟ್ಟಲೆ ನಿಂತ ಬೆನ್ನಿಗೆ ಒಂದಿಷ್ಟು ಆಸರೆ ಬೇಕು. ಅವಳ ಕೈಯಿಂದ ಹೊರಟ ಎಳೆ ಊರೂರು ಸುತ್ತಿ, ಮಗ್ಗವೇರಿ, ಜರಿಯಂಚಿನ ಸೀರೆಯಾಗಿ, ಕೊನೆಗೆ ಯಾವಳೋ ಮದುವಣಗಿತ್ತಿಯ ಮೈಮೇಲೆ ಬಂದು ಅದರ ಮೇಲೆ ಚಿನ್ನದ ಡಾಬು ಏರುತ್ತದೆ. ಸೀರೆಯ ಎಳೆಯ ಮೊದಲಲ್ಲಿಯೂ ಒಂದು ನಡುಕಟ್ಟು, ತುದಿಯಲ್ಲಿಯೂ ಒಂದು ನಡುಕಟ್ಟು.

ಹಿಂದಿನ ಗೃಹಿಣಿಗೆ ಸೊಂಟವೇ ಖಜಾನೆಯಾಗಿತ್ತೆಂಬುದನ್ನೂ ಮರೆಯಬಾರದು. ಬೀಗದ ಕೈಗೊಂಚಲು ಅಲ್ಲಿ, ಎಲೆಯಡಿಕೆಯ ಸಂಚಿ ಅಲ್ಲಿ, ಹಾಲು ಮಾರಿದ ದುಡ್ಡಿನ ಗಂಟೂ ಅಲ್ಲಿಯೇ. ಆ ಗಂಟಿನ ಮಾತು ಮುಂದೆ ಬರುತ್ತದೆ.

ಇನ್ನು ಆಯ್ಕೆಯ ವಿಚಾರ. ಚಿನ್ನದ ಅಂಗಡಿಯಲ್ಲಿ ನಡೆಯುವುದೇನೆಂದರೆ, ಹುಡುಗಿಯನ್ನು ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿ, ಅವಳು ಉಟ್ಟ ಚೂಡಿದಾರದ ಮೇಲೆ ಡಾಬನ್ನು ತೊಡಿಸಿ, "ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ" ಎನ್ನುತ್ತಾರೆ. ನಿಂತಾಗ ಒಪ್ಪದ ಡಾಬು ಲೋಕದಲ್ಲಿಲ್ಲ. ನನ್ನ ಅತ್ತೆಯವರು, ಅಂದರೆ ತಂದೆಯ ಅಕ್ಕ, ಈ ವಿಚಾರದಲ್ಲಿ ಕಟ್ಟುನಿಟ್ಟಿನವರು. ಮಗಳಿಗೆ ಡಾಬು ಮಾಡಿಸುವಾಗ ಅವರು ಅಳತೆಯ ದಾರವನ್ನು ಮನೆಯಲ್ಲಿಯೇ ತೆಗೆದರು. ಧಾರೆಯ ಸೀರೆಯಷ್ಟೇ ದಪ್ಪದ ಸೀರೆಯನ್ನು ಉಡಿಸಿ, ಹಸೆಮಣೆಯಷ್ಟು ಎತ್ತರದ ಮಣೆಯ ಮೇಲೆ ಕೂರಿಸಿ, ಊಟವಾದ ಮೇಲೆ. "ಏನತ್ತೆ ಇದು?" ಎಂದು ನಾನು ನಕ್ಕರೆ, "ನಗಬೇಡ ಕಣೋ. ಮದುವೆಯ ಹೆಣ್ಣು ನಾಲ್ಕು ಗಂಟೆ ಕೂತಿರಬೇಕು, ಹೊಗೆ ಕುಡಿಯಬೇಕು, ಬಗ್ಗಿ ನೂರು ಜನರ ಕಾಲು ಮುಟ್ಟಬೇಕು. ಉಸಿರೆಲ್ಲಿಂದ ತಂದುಕೊಡುತ್ತೀಯೆ?" ಎಂದರು. ನಿಂತ ಅಳತೆಗೂ ಕುಳಿತು ಉಂಡ ಅಳತೆಗೂ ಆ ದಿನ ಎರಡು ಬೆರಳಿನಷ್ಟು ಅಂತರ ಬಂದಿತೆಂಬುದನ್ನು ನಾನೇ ನೋಡಿದೆ.

ಮೊದಲು ನೋಡಬೇಕಾದದ್ದು ಒಡವೆಯ ಮೈಕಟ್ಟು. ಒಂದೇ ತಗಡಿನಂತೆ ಬಿಗಿಯಾಗಿರುವ ಅಗಲ ಪಟ್ಟಿ ನೋಟಕ್ಕೆ ಗಂಭೀರ. ಆದರೆ ಅದು ಇರುವುದು ಮಂಟಪದಲ್ಲಿ ನಿಲ್ಲುವುದಕ್ಕೆ. ಬಿಲ್ಲೆಬಿಲ್ಲೆಯಾಗಿ ಮಾಡಿ, ನಡುನಡುವೆ ಕೀಲಿಟ್ಟು ಜೋಡಿಸಿದ್ದು ಮೈಯ ತಿರುವಿನೊಡನೆ ತಿರುಗುತ್ತದೆ. ಮುಂಭಾಗದಲ್ಲಿ ಮಾತ್ರ ಬಿಲ್ಲೆಯಿಟ್ಟು ಹಿಂಭಾಗಕ್ಕೆ ಸರಪಳಿ ಹಾಕಿದ್ದು ಎಲ್ಲಕ್ಕಿಂತ ಸುಖ; ಚಿನ್ನವೂ ಉಳಿಯುತ್ತದೆ, ಕೊಕ್ಕೆಯನ್ನು ಹಿಂದೆ ಮುಂದೆ ಸರಿಸಿ ಅಳತೆಯನ್ನೂ ಹೊಂದಿಸಬಹುದು. ಕೀಲುಗಳ ಒಳಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಅಲ್ಲಿ ಚೂಪಾದ ಅಂಚಿದ್ದರೆ ಮೊದಲ ದಿನವೇ ರೇಷ್ಮೆಯ ಎಳೆಯನ್ನು ಎಳೆದುಬಿಡುತ್ತದೆ. ಹನ್ನೆರಡು ಸಾವಿರದ ಸೀರೆಯನ್ನು ಹಾಳುಮಾಡುವ ಡಾಬಿಗೆ ಎಷ್ಟು ಬೆಲೆಯಾದರೇನು?

ಎರಡನೆಯದು ಸೀರೆಯ ಜಾತಿ. ಕಂಚಿ, ಧರ್ಮಾವರದಂಥ ದಪ್ಪ ನೇಯ್ಗೆಯ ಜರಿಸೀರೆಗೆ ಅಗಲ ಪಟ್ಟಿ ಸಲ್ಲುತ್ತದೆ, ಏಕೆಂದರೆ ಬಟ್ಟೆಗೆ ಆ ಭಾರವನ್ನು ಹೊರುವ ಕಸುವಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯನ್ನು ತೆಗೆದುಕೊಳ್ಳಿ. ಅದು ನೀರಿನಂತೆ ಜಾರುವ ಬಟ್ಟೆ. ಅದರ ಮೇಲೆ ಭಾರದ ಡಾಬು ಹಾಕಿದರೆ ಡಾಬು ಕೆಳಗಿಳಿಯುತ್ತ ನೆರಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ತೆಳುವಾದ ನೇವಳವೇ ಸರಿ. ಹತ್ತಿಯ ಸೀರೆಗೆ ಬೆಳ್ಳಿ ಕಳೆ ಕೊಡುತ್ತದೆ. ಒಡಲ ತುಂಬ ಬುಟ್ಟಾ ಇರುವ ಸೀರೆಗೆ ಕೆತ್ತನೆ ಕಡಮೆಯಾದ ಪಟ್ಟಿಯೂ, ಸಾದಾ ಒಡಲಿನ ಸೀರೆಗೆ ಕೆಲಸ ತುಂಬಿದ ಪಟ್ಟಿಯೂ ಇರಲಿ. ಎರಡೂ ಒಟ್ಟಿಗೆ ಕೂಗಿದರೆ ಕೇಳುವವರಾರು? ಅಂಚಿನ ಬಣ್ಣದ ಕಲ್ಲನ್ನೇ ಡಾಬಿನಲ್ಲಿ ಹುಡುಕುವ ಹುಚ್ಚು ಈಚೆಗೆ ಹೆಚ್ಚಾಗಿದೆ. ಆ ಸೀರೆಯೊಂದಕ್ಕಲ್ಲದೆ ಬೇರಾವುದಕ್ಕೂ ಅದು ಬಾರದು. ಕೆಂಪು ಕಲ್ಲು, ಮುತ್ತು ಇವು ಎಲ್ಲದರೊಡನೆಯೂ ಬಾಳುವೆ ಮಾಡುತ್ತವೆ.

ಮೈಯ ವಿಚಾರದಲ್ಲಿ ಅಂಗಡಿಯವರೂ ನೆಂಟರೂ ಹೇಳುವ ಮಾತುಗಳು ಕೆಲವೊಮ್ಮೆ ಕ್ರೂರವಾಗಿರುತ್ತವೆ. ದಪ್ಪಗಿರುವವರು ಡಾಬು ಹಾಕಬಾರದೆಂಬುದು ಅವುಗಳಲ್ಲೊಂದು. ಇದು ಶುದ್ಧ ತಪ್ಪು. ಹಳೆಯ ಮನೆಗಳ ಗೋಡೆಯ ಮೇಲಿನ ಛಾಯಾಚಿತ್ರಗಳಲ್ಲಿ ಡಾಬು ಧರಿಸಿ ಕುಳಿತಿರುವ ಅಜ್ಜಿಯರಲ್ಲಿ ಎಷ್ಟು ಮಂದಿ ಬಡಕಲಾಗಿದ್ದರು, ಹೇಳಿ! ದೇಹ ತುಂಬಿದವರಿಗೆ ಎರಡು ಬೆರಳಗಲದ, ನಡುವೆ ಬಿಲ್ಲೆಯೊಂದು ಕೆಳಮುಖವಾಗಿ ಇಳಿದಿರುವ ಪಟ್ಟಿ ಚೆನ್ನು. ಅದನ್ನು ಬಿಗಿಯದೆ, ಕೈಬೆರಳು ಸಲೀಸಾಗಿ ಒಳಹೋಗುವಷ್ಟು ಸಡಿಲವಿಟ್ಟರೆ ಅದು ತಾನಾಗಿ ಓರೆಯಾಗಿ ಇಳಿದು ನಿಲ್ಲುತ್ತದೆ. ಕುಳ್ಳಗಿರುವವರಿಗೆ ಅಂಗೈ ಅಗಲದ್ದು ಮೈಯನ್ನು ಎರಡಾಗಿ ಕತ್ತರಿಸಿದಂತೆ ಕಾಣಿಸುತ್ತದೆ. ಎತ್ತರದವರು ಏನು ಹಾಕಿದರೂ ಸಲ್ಲುತ್ತದೆ, ಅವರ ಅದೃಷ್ಟ.

ತೊಡುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಸೆರಗಿನ ಮಡಿಕೆಗಳನ್ನು ಭುಜದ ಮೇಲೆ ಪಿನ್ನಿನಿಂದ ನಿಲ್ಲಿಸಿ, ಎದೆಯ ಮೇಲಿಂದ ಓರೆಯಾಗಿ ಇಳಿದು ಬಂದ ಆ ಮಡಿಕೆಗಳು ಪಕ್ಕೆಯನ್ನು ಸೇರುವ ಕಡೆ ಡಾಬು ಅವುಗಳ ಮೇಲೆ ಹಾದುಹೋಗಬೇಕು. ಆಗ ಸೆರಗು ಹರಡುವುದಿಲ್ಲ, ಡಾಬೂ ಜಾರುವುದಿಲ್ಲ. ಒಂದು ಮತ್ತೊಂದನ್ನು ಹಿಡಿಯುತ್ತದೆ. ನೆರಿಗೆಯ ಗಂಟಿಗಿಂತ ಒಂದು ಬೆರಳು ಮೇಲಿದ್ದರೆ ನೆರಿಗೆಯ ಉಬ್ಬು ಪಟ್ಟಿಯನ್ನು ಮುಂದಕ್ಕೆ ತಳ್ಳದು. ಸೀಮಂತದ ದಿನ ಮಾತ್ರ ದಯವಿಟ್ಟು ಡಾಬಿನ ಮಾತೆತ್ತಬೇಡಿ. ಚಿತ್ರ ತೆಗೆಯುವವರು ಕೇಳಿದರೆಂದು ಬಸುರಿಯ ಹೊಟ್ಟೆಯ ಮೇಲೆ ಲೋಹದ ಪಟ್ಟಿ ಬಿಗಿಯುವುದನ್ನು ನೋಡಿದ್ದೇನೆ. ಆ ದಿನ ಹೂವಿನ ಮಾಲೆ ಸಾಕು.

ಚಿನ್ನವಿಲ್ಲದೆ ನಡುಕಟ್ಟಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಗೌರಿಬಿದನೂರಿನ ಕಡೆ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹಳ್ಳಿಗಳಿಂದ ಬಸ್ಸು ತುಂಬಿ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಅವರ ವೇಲು ಎದೆಯ ಮೇಲೆ ಅಡ್ಡವಾಗಿ ಹಾದು ಸೊಂಟದ ಪಕ್ಕದಲ್ಲಿ ಗಂಟಾಗಿರುತ್ತದೆ. ಹೊಲಿಗೆಯ ಯಂತ್ರಕ್ಕೆ ಸಿಕ್ಕದಂತೆ ಅವರು ಕಂಡುಕೊಂಡ ಉಪಾಯ. ಪರದೇಶದ ಅಂಗಡಿಗಳಿಗೆ ಹೋಗುವ ಷರಾಯಿಗಳಿಗೆ ಬೆಲ್ಟಿನ ಕುಣಿಕೆಗಳನ್ನು ದಿನವಿಡೀ ಹೊಲಿಯುವ ಕೈಗಳು ತಮ್ಮ ನಡುವಿಗೆ ಕಟ್ಟಿಕೊಂಡಿರುವುದು ಹತ್ತಿಯ ಗಂಟನ್ನು. ಆ ಗಂಟೂ ನೋಡಲು ಚಂದವೆಂದು ನಾನು ಹೇಳಿದರೆ ಅದು ಮುಖಸ್ತುತಿಯಲ್ಲ.

ಬಟ್ಟೆಯ ಪಟ್ಟಿಯನ್ನು ಯಾವ ದರ್ಜಿಯಾದರೂ ಮಾಡಿಕೊಡಬಲ್ಲ. ರವಿಕೆಯ ಕಣದಲ್ಲಿ ಉಳಿದ ತುಂಡನ್ನು ಎಸೆಯದೆ, ಒಳಗೆ ಗಟ್ಟಿ ಕ್ಯಾನ್‌ವಾಸ್ ಇಟ್ಟು ಒಂದೂವರೆ ಅಥವಾ ಎರಡು ಅಂಗುಲ ಅಗಲಕ್ಕೆ ಹೊಲಿಸಿ, ಹಿಂದೆ ಎರಡು ಸಾಲು ಕೊಕ್ಕೆ ಹಾಕಿಸಿದರೆ ರವಿಕೆಗೂ ಪಟ್ಟಿಗೂ ಒಂದೇ ಬಣ್ಣ. ಅದರ ಮೇಲೆ ಮಣಿ ಜರಿಗಳ ಮಗ್ಗಂ ಕೆಲಸ ಮಾಡಿಸುವುದು ಈಗ ನಮ್ಮ ಊರುಗಳಲ್ಲೆಲ್ಲ ರೂಢಿಯಾಗಿದೆ. ಕೆಲಸ ಮುಂಭಾಗದ ಅರ್ಧಕ್ಕೆ ಸಾಕು. ಕುರ್ಚಿಗೆ ಒರಗುವ ಬೆನ್ನಿಗೆ ಮಣಿ ಚುಚ್ಚುವುದರಿಂದ ಯಾರಿಗೆ ಲಾಭ? ತೊಗಲಿನ ಬೆಲ್ಟನ್ನು ಸೀರೆಯ ಮೇಲೆ ಕಟ್ಟುವ ಪದ್ಧತಿಯೂ ಕೆಲವು ವರ್ಷಗಳಿಂದ ಪಟ್ಟಣಗಳಲ್ಲಿ ಕಾಣುತ್ತಿದೆ. ಹತ್ತಿ, ಕೈಮಗ್ಗದ ಸೀರೆಗೆ ಅದು ಒಪ್ಪುತ್ತದೆ. ಜರಿಗೆ ಒಪ್ಪುವುದಿಲ್ಲವೆಂಬುದು ನನ್ನ ಅಭಿಪ್ರಾಯ, ವಿದ್ಯಾರ್ಥಿನಿಯರು ಇದನ್ನು ಒಪ್ಪಲಾರರು. ಉದ್ದನೆಯ ಕುರ್ತಾದ ಮೇಲೆ ಕಟ್ಟುವುದಾದರೆ ಬೆಲ್ಟಿನ ಬಣ್ಣ ಕಾಲಿನ ಚಪ್ಪಲಿಯ ಬಣ್ಣಕ್ಕೆ ಹತ್ತಿರವಿರಲಿ.

ನಡುವನ್ನು ಬಿಗಿಯುವ ಹುಚ್ಚು ನಮ್ಮೊಬ್ಬರದೇ ಅಲ್ಲ. ಜಪಾನಿನ ಸ್ತ್ರೀಯರ ಓಬಿ ಮೊದಲು ಕಿರಿದಾದ ಕಟ್ಟಾಗಿದ್ದು, ಎಡೋ ಕಾಲದಲ್ಲಿ ಅಗಲವಾಗುತ್ತ ಹೋಗಿ, ಕಿಮೊನೋಗಿಂತ ಅದೇ ಹೆಚ್ಚು ಎದ್ದುಕಾಣುವಂತಾಯಿತು. 1947ರಲ್ಲಿ ಪ್ಯಾರಿಸ್ಸಿನ ಕ್ರಿಸ್ಟಿಯನ್ ಡಿಯೋರ್ ತನ್ನ ಹೊಸ ಉಡುಪುಗಳನ್ನು ಮೆರೆಸಿದಾಗ, ಯುದ್ಧಕಾಲದ ಬಟ್ಟೆಯ ಅಭಾವದಲ್ಲಿ ಬಳಲಿದ್ದ ಯುರೋಪು ಆ ಕಿರಿದಾದ ನಡುವನ್ನೂ ಗಜಗಟ್ಟಲೆ ಬಟ್ಟೆಯ ಲಂಗವನ್ನೂ ಕಂಡು ಬೆರಗಾಯಿತು. ಕೆಲವರು ಸಿಡಿದೆದ್ದರು ಕೂಡ. ಕೂರುವವರ ಕಷ್ಟ ಅಲ್ಲಿಯೂ ಅಷ್ಟೇ.

ಬೆಲೆಯ ಮಾತಿಗೆ ಬರೋಣ. ಸವರನ್ ಎಂದರೆ 8 ಗ್ರಾಂ. ಅಗಲವಾದ, ಗಟ್ಟಿಯಾದ ಹಳೆಯ ಮಾದರಿಯ ಡಾಬಿಗೆ 25 ಸವರನ್, ಅಂದರೆ 200 ಗ್ರಾಂ ಚಿನ್ನ ಹಿಡಿಯುವುದು ಅಪರೂಪವಲ್ಲ. ಸಾಧಾರಣ ಸಂಸಾರಕ್ಕೆ ಇದು ಕನಸಿನ ಮಾತು. ಆದ್ದರಿಂದ ಬೆಳ್ಳಿಯಲ್ಲಿ ಮಾಡಿಸಿ ಚಿನ್ನದ ಮುಲಾಮು ಹಾಕಿಸುವವರು ಜಾಣರು. ತಾಮ್ರದ ಮೇಲೆ ತೆಳುವಾಗಿ ಚಿನ್ನ ಲೇಪಿಸಿದ, 'ಒಂದು ಗ್ರಾಂ ಚಿನ್ನ'ವೆಂದು ಅಂಗಡಿಯವರು ಕರೆಯುವ ಮಾಲು ಎರಡು ಮೂರು ಮದುವೆಗೆ ಬರುತ್ತದೆ. ಬೆವರು, ಅತ್ತರು ತಾಗಿಸದೆ, ತೆಗೆದ ಕೂಡಲೆ ಒರೆಸಿ ಹತ್ತಿಯಲ್ಲಿ ಸುತ್ತಿಟ್ಟರೆ ಇನ್ನೆರಡು ಹೆಚ್ಚು. ದಿನದ ಬಾಡಿಗೆಗೆ ತರುವ ಪದ್ಧತಿಯೂ ಬಂದಿದೆ. ಅದರಲ್ಲಿ ಅವಮಾನವೇನೂ ಇಲ್ಲ. ಸಾಲ ಮಾಡಿ ಕೊಂಡ ಡಾಬಿಗಿಂತ ಬಾಡಿಗೆಯ ಡಾಬು ಹಗುರ. ಚಿನ್ನವನ್ನೇ ಕೊಳ್ಳುವವರು ಹಾಲ್‌ಮಾರ್ಕನ್ನೂ ಅದರೊಡನೆ ಆರು ಅಕ್ಷರಾಂಕಗಳ ಗುರುತು ಸಂಖ್ಯೆಯನ್ನೂ ನೋಡದೆ ಕೊಳ್ಳಬಾರದು. 2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ. 22 ಕ್ಯಾರೆಟ್ಟಿಗೆ 916 ಎಂಬ ಅಂಕವಿರುತ್ತದೆ.

ಚಿಂತಾಮಣಿಯ ಅಕ್ಕಸಾಲಿಗರ ಮಾತನ್ನು ಇಷ್ಟು ಹೊತ್ತು ತಡೆದಿಟ್ಟಿದ್ದೇನೆ. ಮರಾಠಾ ನಾಯಕ ಚಿಂತಾಮಣಿರಾಯನ ಹೆಸರು ಹೊತ್ತ ಆ ಪಟ್ಟಣವನ್ನು ಹಳೆಯ ಗೆಜೆಟಿಯರುಗಳು ಬೆಳ್ಳಿ ಬಂಗಾರ, ರತ್ನಗಳ ವ್ಯಾಪಾರಕ್ಕೆ ಹೆಸರಾದ ಸ್ಥಳವೆಂದು ವರ್ಣಿಸಿವೆ. ನಾನು ಹೇಳುವ ಹಿರಿಯರು ಈಗ ಕುಲುಮೆಯ ಮುಂದೆ ಕೂರುವುದಿಲ್ಲ. ಮಗನ ಅಂಗಡಿಯ ಮೂಲೆಯಲ್ಲಿ ಕುಳಿತು ಬಂದವರನ್ನು ಮಾತಾಡಿಸುತ್ತಾರೆ. ಅವರು ತಂದೆಯ ಬಳಿ ಕೆಲಸ ಕಲಿಯತೊಡಗಿದ ದಿನಗಳಲ್ಲೇ, 1963ರ ಜನವರಿಯಲ್ಲಿ, ಚಿನ್ನದ ನಿಯಂತ್ರಣ ಬಂದಿತು. ಹೊಸ ಒಡವೆಯನ್ನು 14 ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡಕೂಡದೆಂಬ ಕಟ್ಟಳೆ. ಚೀನದ ಯುದ್ಧ ಮುಗಿದ ಹೊಸತು. ದೇಶದ ಬೊಕ್ಕಸಕ್ಕೆ ವಿದೇಶೀ ಹಣದ ಮುಗ್ಗಟ್ಟು. 14 ಕ್ಯಾರೆಟ್ಟಿನ ಕಟ್ಟಳೆ 1966ರಲ್ಲಿ ಹೋಯಿತಾದರೂ, 1968ರ ಚಿನ್ನ ನಿಯಂತ್ರಣ ಅಧಿನಿಯಮ 1990ರವರೆಗೆ ಉಳಿಯಿತು. ಎಷ್ಟೋ ಅಕ್ಕಸಾಲಿಗರು ಕುಲಕಸಬು ಬಿಟ್ಟು ಬೇರೆ ದಾರಿ ಹಿಡಿದರು. "ಡಾಬು ಮಾಡುವ ಕೈ ಆಗಲೇ ಹೋಯಿತು ಮೇಷ್ಟ್ರೇ. ಉಂಗುರ ಓಲೆಗಳಲ್ಲಿ ಹೇಗೋ ಕಾಲ ಹಾಕಿದೆವು. ಡಾಬು ಮಾಡಿಸುವವರೆಲ್ಲಿ?" ಎಂದು ಅವರು ಹೇಳುತ್ತಾರೆ.

ಹೊಸ ಡಾಬು ಮಾಡಿಸುವವರು ಇಲ್ಲವಾದರು, ಹಳೆಯದನ್ನು ತರುವವರು ಮಾತ್ರ ತಪ್ಪಲಿಲ್ಲ. ಒತ್ತೆಗೆ, ಮಾರಾಟಕ್ಕೆ, ಕರಗಿಸುವುದಕ್ಕೆ. ಮನೆಯಲ್ಲಿ ಕಷ್ಟ ಬಂದರೆ ಎಲ್ಲಕ್ಕಿಂತ ಮೊದಲು ಹೊರಬೀಳುವ ಒಡವೆ ಡಾಬು ಎಂದು ಅವರು ಹೇಳಿದಾಗ ನಾನು ಕಾರಣ ಕೇಳಿದೆ. ತೂಕ ಹೆಚ್ಚಾದ್ದರಿಂದ ಇರಬಹುದೆಂದು ನನ್ನ ಊಹೆಯಿತ್ತು. ಅವರು ತಲೆಯಾಡಿಸಿದರು. "ತೂಕವೂ ಹೌದು. ಆದರೆ ನೋಡಿ, ಕಿವಿಯ ಓಲೆ ಬಿಚ್ಚಿಕೊಟ್ಟರೆ ಊರಿಗೇ ಗೊತ್ತಾಗುತ್ತದೆ. ಬಳೆ ತೆಗೆದರೆ ಕೈ ಬಿಕೋ ಎನ್ನುತ್ತದೆ. ತಾಳಿಯ ಮಾತಂತೂ ಬೇಡ. ಡಾಬು ಹೋದರೆ ಮುಂದಿನ ಮದುವೆಯವರೆಗೆ ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ. ಎಷ್ಟೋ ಸಲ ಆ ಅಮ್ಮನಿಗೇ ತಿಳಿದಿರುವುದಿಲ್ಲ."

ನಮ್ಮ ಸೀಮೆಯ ಕಷ್ಟಕ್ಕೆ ಇನ್ನೊಂದು ಹೆಸರು ಕೊಳವೆ ಬಾವಿ. ತುಂಬಿ ಹರಿಯುವ ಹೊಳೆಯಿಲ್ಲದ, ಮಳೆಯನ್ನೂ ಕೆರೆಯನ್ನೂ ನಂಬಿದ ನಾಡು. ನೀರು ಸಾವಿರ ಅಡಿಯ ಕೆಳಗೆ ಜಾರಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಚಿಂತಾಮಣಿಯ ಕಡೆಯ ಹಳ್ಳಿಯಲ್ಲಿದೆ. ಅವನ ತಾಯಿಗೆ ತವರಿನವರು ಕೊಟ್ಟ ಡಾಬು 15 ಸವರನ್ನಿನದು. ಮೊದಲ ಕೊಳವೆಯಲ್ಲಿ ಬರಿಯ ಧೂಳು ಬಂದಿತು. ಎರಡನೆಯದಕ್ಕೆ ಡಾಬು ಗಿರವಿ ಅಂಗಡಿಗೆ ಹೋಯಿತು. 1,200 ಅಡಿಯಲ್ಲಿ ನೀರು ಸಿಕ್ಕಿ, ಒಂದು ಟೊಮೆಟೊ ಬೆಳೆಯನ್ನು ದಾಟಿಸಿ, ಮರುವರ್ಷ ಬತ್ತಿತು. ಬಡ್ಡಿ ಬೆಳೆದು ಡಾಬು ಅಲ್ಲಿಯೇ ಉಳಿಯಿತು. ಮಗಳ ಮದುವೆಗೆ ಪೆಟ್ಟಿಗೆ ತೆರೆದ ದಿನವೇ ಆ ತಾಯಿಗೆ ವಿಷಯ ತಿಳಿದದ್ದು. ಅವರ ಮನೆಯಲ್ಲಿ ಊಟ ಮಾಡಿದ ಒಂದು ದಿನ ಆಕೆ ಈ ಕಥೆಯನ್ನು ಯಾವ ಅಬ್ಬರವೂ ಇಲ್ಲದೆ ಹೇಳಿದರು. "ಹೋಗಲಿ ಬಿಡಿ ಮೇಷ್ಟ್ರೇ, ಹೊಲಕ್ಕೆ ತಾನೆ ಹಾಕಿದ್ದು, ಕುಡಿದು ಕಳೆಯಲಿಲ್ಲ. ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ತೆಗೆದುಕೊಡುತ್ತಿದ್ದೆ."

ಕೇಳಬೇಕೆಂಬುದು ಸೌಜನ್ಯದ ಮಾತಷ್ಟೇ ಅಲ್ಲ, ಧರ್ಮಶಾಸ್ತ್ರದ ಮಾತು, ಕಾನೂನಿನ ಮಾತು. ಸ್ತ್ರೀಧನವನ್ನು ಗಂಡ ಮುಟ್ಟಬಹುದಾದ ಸಂದರ್ಭಗಳನ್ನು ಯಾಜ್ಞವಲ್ಕ್ಯ ಬೆರಳೆಣಿಕೆಗೆ ಇಳಿಸಿದ: ಬರಗಾಲ, ಧರ್ಮಕಾರ್ಯ, ವ್ಯಾಧಿ, ಸೆರೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಬರಗಾಲದ ವಿನಾಯಿತಿಯನ್ನು ತೋರಿಸಿ ನಮ್ಮ ರೈತ ಪಾರಾಗಬಹುದೇನೋ! ಆದರೆ ಕಾಲ ಬದಲಾಯಿತು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ಹೆಣ್ಣಿನ ಒಡವೆವಸ್ತ್ರಗಳನ್ನು ಸ್ತ್ರೀಧನವೆಂದು ಸ್ಪಷ್ಟವಾಗಿ ಸೇರಿಸಿತು. ಕೋಲಾರ ಸೀಮೆಯ ಹೆಂಗಸರು ಆ ಹಕ್ಕನ್ನು ಪಡೆದದ್ದು ಸ್ವಾತಂತ್ರ್ಯಕ್ಕಿಂತ ಹದಿನಾಲ್ಕು ವರ್ಷ ಮೊದಲು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ದೇಶದ ಹಿಂದೂ ಸ್ತ್ರೀಯರನ್ನು ತಮ್ಮ ಸ್ವತ್ತಿಗೆ ಪೂರ್ಣ ಒಡತಿಯರನ್ನಾಗಿ ಮಾಡಿತು. ಗಂಡನ ಮನೆ ಸೇರಿದ ಮಾತ್ರಕ್ಕೆ ಸ್ತ್ರೀಧನ ಇಬ್ಬರ ಸ್ವತ್ತಾಗುವುದಿಲ್ಲವೆಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ಹೊಣೆ ಅವನದೆಂದು 2024ರಲ್ಲಿ ಮತ್ತೆ ಹೇಳಿದೆ. ಹಾಲು ಮಾರಿದ ದುಡ್ಡನ್ನು ಸೊಂಟದ ಗಂಟಿನಲ್ಲಿ ಬಚ್ಚಿಡುತ್ತಿದ್ದ ಅಜ್ಜಿಗೆ ಈ ಯಾವ ತೀರ್ಪೂ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿರುವುದು ಎಲ್ಲರದಾಗುತ್ತದೆ, ಮೈಮೇಲಿರುವುದು ತನ್ನದಾಗಿರುತ್ತದೆ ಎಂಬುದಷ್ಟು ಅವಳಿಗೆ ಗೊತ್ತಿತ್ತು.

ಆದ್ದರಿಂದ ಡಾಬನ್ನು ಕೊಳ್ಳಲು ಹೊರಟವರು ಅಗಲ, ಕಲ್ಲು, ನಕ್ಷೆಗಳ ಜೊತೆಗೆ ಇನ್ನು ಕೆಲವನ್ನು ಗಮನಿಸುವುದು ಒಳ್ಳೆಯದು. ರಸೀತಿ ಧರಿಸುವವಳ ಹೆಸರಿನಲ್ಲಿಯೇ ಇರಲಿ. ತೂಕದ ಚೀಟಿಯಲ್ಲಿ ಕಲ್ಲಿನ ತೂಕವನ್ನು ಬೇರೆ ಬರೆಸಿ. ಡಾಬಿನ ಒಳಮೈಯಲ್ಲಿ ಅವಳ ಹೆಸರಿನ ಮೊದಲಕ್ಷರವನ್ನು ಕೊರೆಸಿದರೆ ಖರ್ಚೇನೂ ಬಾರದು. ತಂಗಿಗೆ, ಅತ್ತಿಗೆಗೆ ಎರವಲು ಕೊಡುವಾಗ ಕೊಡುವವಳೂ ತೊಡುವವಳೂ ಇಬ್ಬರೇ ಮಾತಾಡಿಕೊಳ್ಳಲಿ. ವರ್ಷಕ್ಕೊಮ್ಮೆಯಾದರೂ, ಗೌರಿಹಬ್ಬಕ್ಕೋ ವರಮಹಾಲಕ್ಷ್ಮಿಗೋ, ಅದನ್ನು ತೆಗೆದು ತೊಟ್ಟು ಮನೆಯ ಎಲ್ಲರ ಕಣ್ಣಿಗೆ ಬೀಳಿಸಿ. ಕೀಲುಗಳೂ ಸಡಿಲವಾಗಿ ಚೆನ್ನಾಗಿರುತ್ತವೆ.

ಇನ್ನೊಂದು ಮಾತು ಅಕ್ಕಸಾಲಿಗರದು. ಬಿಲ್ಲೆಯ ಡಾಬು ಮಾಡಿಸುವಾಗ ಅದೇ ಚಿನ್ನದಲ್ಲಿ ಎರಡು ಬಿಲ್ಲೆಗಳನ್ನು ಹೆಚ್ಚಾಗಿ ಮಾಡಿಸಿ ಇಟ್ಟುಕೊಳ್ಳಬೇಕಂತೆ. ಇಪ್ಪತ್ತರ ಹುಡುಗಿಯ ನಡು ನಲವತ್ತರಲ್ಲಿ ಅಷ್ಟೇ ಇರುವುದಿಲ್ಲ. ಆಗ ಬೇರೆ ಕೈಯಿಂದ ಮಾಡಿಸಿದರೆ ಬಣ್ಣವೂ ಕೆತ್ತನೆಯೂ ಕೂಡುವುದಿಲ್ಲ. ಅವರ ತಂದೆ ಮಾಡುತ್ತಿದ್ದ ಡಾಬುಗಳಲ್ಲಿ ಆ ಎರಡು ಬಿಲ್ಲೆಗಳನ್ನು ಕೆಂಪು ಬಟ್ಟೆಯ ಪುಟ್ಟ ಗಂಟಿನಲ್ಲಿ ಕಟ್ಟಿ, ಕೊಳ್ಳಲು ಬಂದ ಗಂಡಸಿನ ಕೈಗೆ ಕೊಡದೆ, ಹೆಂಗಸನ್ನು ಕರೆದು ಅವಳ ಸೆರಗಿಗೇ ಹಾಕುತ್ತಿದ್ದರಂತೆ.